ಕಲ್ಲಿದ್ದಲು, ಕಟ್ಟಿಗೆಯಿಂದ ಹೈಡ್ರೋಜನ್: ಲೆಕ್ಕ ಹಾಕೋದು ಹೇಗೆ?

ಹಬೆ ಕೊಟ್ಟು ಗ್ಯಾಸಿಫೈ ಮಾಡಿದಾಗ (ಅಂದರೆ ಘನ ಇಂಧನವನ್ನು ಭಾರೀ ಬಿಸಿಯಲ್ಲಿ ಗ್ಯಾಸ್ ಆಗಿಸಿದಾಗ) ಸಿಗುವ ಹೈಡ್ರೋಜನ್‌ನಲ್ಲಿ ದೊಡ್ಡ ಪಾಲು ಬರೋದು ಕಲ್ಲಿದ್ದಲಿನಿಂದಲ್ಲ, ನೀರಿನಿಂದ. ಇದನ್ನು ಹಿಡಿದುಕೊಂಡರೆ ಉಳಿದದ್ದು ಸಲೀಸು. ಶುರುವಿಗೆ 12 ಕೆಜಿ ಶುದ್ಧ ಇಂಗಾಲ ಇದೆ ಅಂದುಕೊಳ್ಳಿ.

ಇಂಗಾಲ + ಹಬೆ → ಕಾರ್ಬನ್ ಮೊನಾಕ್ಸೈಡ್ + ಹೈಡ್ರೋಜನ್

ಇದಕ್ಕೆ 18 ಕೆಜಿ ಹಬೆ ಬೇಕು, 2 ಕೆಜಿ ಹೈಡ್ರೋಜನ್ ಸಿಗುತ್ತದೆ. ಜೊತೆಗೆ ಬಂದ 28 ಕೆಜಿ ಮೊನಾಕ್ಸೈಡ್‌ಗೆ ಮತ್ತೆ 18 ಕೆಜಿ ಹಬೆ ಸೇರಿಸಿದರೆ ಇನ್ನೂ 2 ಕೆಜಿ ಹೈಡ್ರೋಜನ್, 44 ಕೆಜಿ ಕಾರ್ಬನ್ ಡೈಆಕ್ಸೈಡ್. ಈ ಎರಡನೆಯದೇ ಶಿಫ್ಟ್ ಕ್ರಿಯೆ.

ಈಗ ಶಾಖದ ಲೆಕ್ಕ. ಇದನ್ನು ದಯವಿಟ್ಟು ಬಿಡಬೇಡಿ, ಯಾಕಂದ್ರೆ ನಿಜವಾದ ಖರ್ಚು ಇರೋದೇ ಇಲ್ಲಿ. ಮೊದಲ ಕ್ರಿಯೆ 131 ಮೆಗಾಜೂಲ್ ಶಾಖ ನುಂಗುತ್ತದೆ. ಶಿಫ್ಟ್‌ನಲ್ಲಿ 41 ವಾಪಸ್ ಬರುತ್ತದೆ ನಿಜ, ಆದರೆ ಅದು ಕಡಿಮೆ ತಾಪದಲ್ಲಿ, ಬೇರೆ ರಿಯಾಕ್ಟರ್‌ನಲ್ಲಿ ಬರೋದರಿಂದ ಗ್ಯಾಸಿಫೈಯರ್‌ಗೆ ನೇರವಾಗಿ ಉಪಯೋಗವಿಲ್ಲ. ಹಾಗಾಗಿ ಆಕ್ಸಿಜನ್ ಕೊಟ್ಟು ಸ್ವಲ್ಪ ಇಂಗಾಲ ಸುಡಲೇಬೇಕು. 12 ಕೆಜಿ ಪೂರ್ತಿ ಸುಟ್ಟರೆ 394 ಮೆಗಾಜೂಲ್. ಅಂದರೆ 131ಕ್ಕೆ 4 ಕೆಜಿ. ಒಟ್ಟು 16 ಕೆಜಿ ಇಂಗಾಲಕ್ಕೆ 4 ಕೆಜಿ ಹೈಡ್ರೋಜನ್, ಸುಮಾರು 59 ಕೆಜಿ ಡೈಆಕ್ಸೈಡ್. ಇದು ಯಾವ ನಷ್ಟವೂ ಸೇರದ ಲೆಕ್ಕ, ಸ್ಥಾವರದಲ್ಲಿ ಇಂಗಾಲ ಇನ್ನೂ ಜಾಸ್ತಿಯೇ ಬೇಕು. ಆಕ್ಸಿಜನ್ ಬದಲು ಗಾಳಿ ಊದಿದರೆ ನೈಟ್ರೋಜನ್ ತುಂಬಿಕೊಂಡು ಗ್ಯಾಸ್ ತೆಳುವಾಗುತ್ತದೆ.

ಶಿಫ್ಟ್‌ಗೆ ತಾಪ ಕಡಿಮೆಯಾದಷ್ಟೂ ಹೈಡ್ರೋಜನ್ ಜಾಸ್ತಿ, ಆದರೆ ಕ್ರಿಯೆ ನಿಧಾನ. ಅದಕ್ಕೇ ಎರಡು ಹಂತ: ಮೊದಲು 350–450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣ-ಕ್ರೋಮಿಯಂ ವೇಗವರ್ಧಕ, ಆಮೇಲೆ 200–250ರಲ್ಲಿ ತಾಮ್ರ-ಸತು. ಕಲ್ಲಿದ್ದಲಿನ ಗಂಧಕ ತಾಮ್ರಕ್ಕೆ ವಿಷ. ಮೊದಲೇ ಗಂಧಕ ತೆಗೆಯಿರಿ, ಇಲ್ಲಾ ಅದನ್ನು ತಾಳಿಕೊಳ್ಳುವ ಕೋಬಾಲ್ಟ್-ಮಾಲಿಬ್ಡಿನಂ ವೇಗವರ್ಧಕ ಹಾಕಿ.

ಕಟ್ಟಿಗೆಯಲ್ಲಿ ಗಂಧಕದ ಕಾಟ ಕಡಿಮೆ, ಟಾರಿನ ಕಾಟ ಜಾಸ್ತಿ. ಗ್ಯಾಸ್ ತಣ್ಣಗಾಗುತ್ತಿದ್ದಂತೆ ಟಾರು ಪೈಪಿನೊಳಗೆ ಅಂಟಿ ಕಟ್ಟಿಕೊಳ್ಳುತ್ತದೆ. ಬಿಸಿ ಇರುವಾಗಲೇ ಡಾಲೊಮೈಟ್ (ಸುಣ್ಣಕಲ್ಲಿನಂಥ ಖನಿಜ) ಅಥವಾ ನಿಕಲ್ ಮೇಲೆ ಹಾಯಿಸಿ ಒಡೆಯಬೇಕು. ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಹಸಿಯಾಗಿದ್ದರೆ ಶಾಖವೆಲ್ಲ ನೀರನ್ನು ಆವಿ ಮಾಡೋದಕ್ಕೇ ಹೋಗುತ್ತದೆ.

ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಮನೆಯಲ್ಲಿ ಇದನ್ನು ಮಾಡಲೇಬೇಡಿ, ಲೆಕ್ಕ ಮಾತ್ರ ಮಾಡಿ.

ಕೊನೆಗೆ, ಒತ್ತಡದಲ್ಲಿ ಬೇರೆ ಗ್ಯಾಸ್‌ಗಳನ್ನು ಹಿಡಿದುಕೊಳ್ಳುವ ಪದಾರ್ಥ ತುಂಬಿದ ಪಾತ್ರೆಗಳ ಮೂಲಕ ಹಾಯಿಸಿ ಹೈಡ್ರೋಜನ್ ಬೇರೆ ಮಾಡುತ್ತಾರೆ. ಉಳಿದ ಗ್ಯಾಸ್‌ನಲ್ಲೂ ಸುಡುವ ಅಂಶ ಇರುತ್ತದೆ. ಅದನ್ನು ಹಬೆ ಮಾಡುವ ಬಾಯ್ಲರ್‌ನ ಲೆಕ್ಕಕ್ಕೆ ಸೇರಿಸಿ.