ತಾರಸಿಯ ಗಾಳಿಯಂತ್ರ ಪರಿಸರಕ್ಕೆ ಲಾಭವೇ? ಕೊಳ್ಳುವ ಮೊದಲು ಲೆಕ್ಕ ಹಾಕುವ ಬಗೆ

ಗಾಳಿಯಂತ್ರಕ್ಕೆ ಬೇಕಾದ ಉಕ್ಕು, ಅಲ್ಯೂಮಿನಿಯಂ, ತಾಮ್ರ, ಅಯಸ್ಕಾಂತಗಳನ್ನು ತಯಾರಿಸುವಾಗ ಹೊಮ್ಮಿದ ಇಂಗಾಲ ಆ ಯಂತ್ರದ ತಲೆಯ ಮೇಲಿನ ಸಾಲ. ಯಂತ್ರ ಕೊಡುವ ವಿದ್ಯುತ್ತಿನಿಂದ ಉಳಿಯುವ ಇಂಗಾಲದಲ್ಲಿ ಅದು ತೀರುತ್ತದೆಯೇ ಎಂಬುದು ಯಂತ್ರದ ಮೇಲೆ ಬರೆದ ‘1 ಕಿಲೋವಾಟ್’ ನೋಡಿದರೆ ತಿಳಿಯದು. ಸಾಮಾನ್ಯವಾಗಿ ಸೆಕೆಂಡಿಗೆ 11–12 ಮೀಟರ್ ಗಾಳಿ ಬೀಸಿದಾಗ ಸಿಗುವ ಶಕ್ತಿ ಅದು. ಕಟ್ಟಡಗಳ ನಡುವಿನ ತಾರಸಿಯಲ್ಲಿ ಸರಾಸರಿ ವೇಗ 3 ಮೀಟರಿನ ಆಸುಪಾಸು ಇದ್ದರೆ ಅಚ್ಚರಿಯಿಲ್ಲ.

ಆದ್ದರಿಂದ ಮೊದಲು ಗಾಳಿಯನ್ನು ಅಳೆಯಿರಿ. ರೆಕ್ಕೆಗಳು ತಿರುಗಲಿರುವ ಎತ್ತರದಲ್ಲೇ ಒಂದು ಕಂಬಕ್ಕೆ, ಗಾಳಿಯ ವೇಗ ಅಳೆಯುವ ಬಟ್ಟಲಿನ ಅನಿಮೋಮೀಟರ್ ಕಟ್ಟಿ, 10 ನಿಮಿಷಕ್ಕೊಮ್ಮೆ ಸರಾಸರಿ ದಾಖಲಿಸುವ ಲಾಗರ್ ಜೋಡಿಸಿ. ಒಂದು ವರ್ಷ ಅಳೆದರೆ ಒಳ್ಳೆಯದು. ಮೂರು ತಿಂಗಳಷ್ಟೇ ಸಾಧ್ಯವಿದ್ದರೆ ಗಾಳಿ ಜೋರಾಗಿರುವ ತಿಂಗಳುಗಳನ್ನು ಮಾತ್ರ ಆರಿಸಿಕೊಳ್ಳಬೇಡಿ. ವಿಮಾನ ನಿಲ್ದಾಣದ ಅಂಕಿಗಳು ಬಯಲಿನವು, ತಾರಸಿಗೆ ಹೊಂದುವುದಿಲ್ಲ.

ಅದೇ ಕಂಬಕ್ಕೆ ಮೀಟರಿಗೊಂದು ಉದ್ದನೆಯ ರಿಬ್ಬನ್ ಕಟ್ಟಿ. ಗೋಡೆಗೆ ಬಡಿದ ಗಾಳಿ ತಾರಸಿಯ ಅಂಚಿನಲ್ಲಿ ಮೇಲಕ್ಕೆ ಚಿಮ್ಮಿ ಸುಳಿಯಾಗುತ್ತದೆ. ಸುಳಿಯೊಳಗಿನ ರಿಬ್ಬನ್‌ಗಳು ಮೇಲೆ ಕೆಳಗೆ ಒದ್ದಾಡುತ್ತವೆ, ಅದರಿಂದ ಹೊರಗಿರುವವು ನೇರವಾಗಿ ಚಾಚಿಕೊಳ್ಳುತ್ತವೆ. ರೆಕ್ಕೆಯ ಕೆಳತುದಿಯೂ ನೇರವಾಗಿ ಚಾಚಿಕೊಂಡ ರಿಬ್ಬನ್‌ಗಳಲ್ಲಿ ಅತಿ ಕೆಳಗಿನದಕ್ಕಿಂತ ಮೇಲಿರಬೇಕು. ಸುಳಿಯಲ್ಲಿ ಸಿಕ್ಕ ಯಂತ್ರ ಪದೇ ಪದೇ ದಿಕ್ಕು ಬದಲಿಸುತ್ತ ಬೇರಿಂಗ್ ಸವೆಸಿಕೊಳ್ಳುತ್ತದೆ, ವಿದ್ಯುತ್ತನ್ನು ಮಾತ್ರ ಕೊಡುವುದಿಲ್ಲ.

ಇನ್ನು ಲೆಕ್ಕ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ಸೂತ್ರ ಹೀಗಿದೆ:

ಸರಾಸರಿ ವಾಟ್ = 0.6 × ರೆಕ್ಕೆ ಸುತ್ತುವ ವೃತ್ತದ ವಿಸ್ತೀರ್ಣ (ಚದರ ಮೀಟರ್) × ಸರಾಸರಿ ವೇಗದ ಘನ × 1.9 × 0.2

ಇಲ್ಲಿ 1.9 ಎಂಬುದು ವೇಗದ ಏರಿಳಿತಕ್ಕೆ, 0.2 ಯಂತ್ರದ ಒಟ್ಟು ದಕ್ಷತೆಗೆ. 2 ಮೀಟರ್ ವ್ಯಾಸದ ಯಂತ್ರಕ್ಕೆ 3 ಮೀಟರ್ ಗಾಳಿಯಲ್ಲಿ ಸಿಗುವುದು ಸುಮಾರು 20 ವಾಟ್, ಅಂದರೆ ವರ್ಷಕ್ಕೆ 170 ಯೂನಿಟ್. 5 ಮೀಟರ್ ಗಾಳಿಯಿದ್ದರೆ ಇದೇ ಯಂತ್ರ ಸುಮಾರು 800 ಯೂನಿಟ್ ಕೊಡುತ್ತದೆ.

ಇದರಿಂದ, ಯಂತ್ರದ ವಿದ್ಯುತ್ತನ್ನು ಮನೆಯ ಬಳಕೆಗೆ ಹೊಂದಿಸುವ ಇನ್ವರ್ಟರ್ ಸುಮ್ಮನೆ ಕುಳಿತಾಗ ನುಂಗುವುದನ್ನು ಕಳೆಯಿರಿ. 8 ವಾಟ್ ಸದಾ ಎಳೆಯುತ್ತಿದ್ದರೆ ವರ್ಷಕ್ಕೆ 70 ಯೂನಿಟ್ ಹೋಯಿತು. ಕಟ್ಟಡಗಳ ಮೇಲಿನ ಸಣ್ಣ ಗಾಳಿಯಂತ್ರಗಳನ್ನು ಅಳೆದ ಬ್ರಿಟನ್ನಿನ ವಾರಿಕ್ ಪರೀಕ್ಷೆಯಲ್ಲಿ (2007–2009) ತೀರಾ ಕಳಪೆ ಜಾಗದಲ್ಲಿದ್ದ ಯಂತ್ರ ವರ್ಷಕ್ಕೆ 15 ಯೂನಿಟ್ಟಿನ ಲೆಕ್ಕದಲ್ಲಿ ಉತ್ಪಾದಿಸಿತು. ಅದರ ಎಲೆಕ್ಟ್ರಾನಿಕ್ಸ್ ಬಳಸಿದ್ದು ಅದಕ್ಕಿಂತ ಹೆಚ್ಚು. ಗಾಳಿ ನಿಂತಾಗ ಪೂರ್ತಿ ಆಫ್ ಆಗುವ ಇನ್ವರ್ಟರನ್ನೇ ಕೇಳಿ ಪಡೆಯಿರಿ.

ಸಾಲದ ಮೊತ್ತಕ್ಕೆ ಬಿಡಿಭಾಗಗಳನ್ನು ತೂಗಬೇಕು. ಕಿಲೋ ಉಕ್ಕಿಗೆ ಸುಮಾರು 2 ಕಿಲೋ ಇಂಗಾಲದ ಡೈಆಕ್ಸೈಡ್, ಹೊಸ ಅಲ್ಯೂಮಿನಿಯಂಗೆ ಅದರ ಹಲವು ಪಟ್ಟು. ಕಂಬವನ್ನು ಮರೆಯಬೇಡಿ, ಎಷ್ಟೋ ಸಲ ಯಂತ್ರಕ್ಕಿಂತ ಅದೇ ಭಾರ. ಒಟ್ಟು 400 ಕಿಲೋ ಬಂತು, ಗ್ರಿಡ್‌ನ (ಊರಿನ ವಿದ್ಯುತ್ ಜಾಲದ) ಒಂದು ಯೂನಿಟ್ಟಿಗೆ ಅರ್ಧ ಕಿಲೋ ಎಂದುಕೊಳ್ಳಿ: ನಿವ್ವಳ 100 ಯೂನಿಟ್ ಕೊಡುವ ಜಾಗದಲ್ಲಿ ಸಾಲ ತೀರಲು 8 ವರ್ಷ, 730 ಕೊಡುವಲ್ಲಿ ಒಂದು ವರ್ಷಕ್ಕೆ ತುಸು ಹೆಚ್ಚು. ಗ್ರಿಡ್ ಆಗಲೇ ಜಲವಿದ್ಯುತ್ತಿನಿಂದ ನಡೆಯುತ್ತಿದ್ದರೆ 100 ಯೂನಿಟ್ಟಿನ ಜಾಗದ ಸಾಲ ಯಂತ್ರದ ಆಯುಸ್ಸಿನೊಳಗೆ ತೀರುವುದೇ ಇಲ್ಲ. ಗಾಳಿ ಕಡಿಮೆಯಿರುವ ಕಡೆ ಸೌರಫಲಕವೇ ಮೇಲು. ಗಾಳಿಯಂತ್ರಕ್ಕೆ ಬ್ಯಾಟರಿ ಸೇರಿಸಿದರಂತೂ ಸಾಲ ಇನ್ನೂ ಬೆಳೆಯುತ್ತದೆ.

ಲೆಕ್ಕ ಕೂಡಿಬಂದರೆ ಕಂಬವನ್ನು ಪ್ಯಾರಾಪೆಟ್ ಗೋಡೆಗೆ ಬಿಗಿಯಬೇಡಿ. ಆ ಗೋಡೆ ಅಡ್ಡ ಎಳೆತಕ್ಕೆ ಕಟ್ಟಿದ್ದಲ್ಲ, ಬಿರುಕು ಬಿಡುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ತೋರಿಸಿದ ಪಿಲ್ಲರಿನ ನೆತ್ತಿಯ ಮೇಲೆ, ಕಂಪನ ತಡೆಯುವ ರಬ್ಬರ್ ಮೌಂಟ್ ಇಟ್ಟು ನಿಲ್ಲಿಸಿ. ಕಂಬಕ್ಕೆ ಅರ್ಥಿಂಗ್, ಕೆಳಗಿನಿಂದಲೇ ಎಳೆಯಬಹುದಾದ ಬ್ರೇಕ್ ಸ್ವಿಚ್ ಕಡ್ಡಾಯ. ಇನ್ವರ್ಟರ್ ಆದಮೇಲೆ ಎರಡೂ ದಿಕ್ಕಿನ ಯೂನಿಟ್ ಎಣಿಸುವ ಮೀಟರ್ ಹಾಕಿಸಿ. ವರ್ಷದ ಕೊನೆಗೆ ನಿವ್ವಳ ಸಂಖ್ಯೆ ನಿಮ್ಮ ಲೆಕ್ಕದ ಅರ್ಧಕ್ಕಿಂತ ಕಡಿಮೆಯಿದ್ದರೆ ಯಂತ್ರ ಬದಲಿಸುವ ಮೊದಲು ರಿಬ್ಬನ್‌ಗಳನ್ನು ಮತ್ತೆ ಕಟ್ಟಿ ನೋಡಿ.