ಪ್ಯಾರಿಸ್ ಕಮ್ಯೂನನ್ನು ತಾರೀಖಿನ ಕ್ರಮದಲ್ಲಿ ಓದಿಸಿದ ಬಗೆ

ಕಾರ್ಮಿಕರ ಅಧ್ಯಯನ ವೃತ್ತವೊಂದನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನನಗೆ, ಮಾರ್ಕ್ಸ್‌ವಾದದ ಪ್ರಭುತ್ವ ಸಿದ್ಧಾಂತವನ್ನು ಅರ್ಥಮಾಡಿಸಲು 1871ರ ಪ್ಯಾರಿಸ್ ಕಮ್ಯೂನಿಗಿಂತ, ಅಂದರೆ ಆ ನಗರದ ಕಾರ್ಮಿಕರು ಮಾರ್ಚ್‌ನಿಂದ ಮೇವರೆಗೆ ನಡೆಸಿದ ಸರ್ಕಾರಕ್ಕಿಂತ, ಒಳ್ಳೆಯ ಪಾಠ ಇನ್ನೊಂದು ಸಿಕ್ಕಿಲ್ಲ. ಆದರೆ ಅದನ್ನು ‘ಕಮ್ಯೂನಿನ ಪಾಠಗಳು’ ಎಂಬ ಸಿದ್ಧ ಪಟ್ಟಿಯಾಗಿ ಒಪ್ಪಿಸಿದರೆ ಕೇಳುವವರು ತಲೆದೂಗುತ್ತಾರೆಯೇ ಹೊರತು ಪ್ರಶ್ನೆ ಎತ್ತುವುದಿಲ್ಲ. ಆದ್ದರಿಂದ ನಾನು ಘಟನೆಗಳನ್ನೂ ಅವುಗಳ ಬಗ್ಗೆ ಮಾರ್ಕ್ಸ್ ಬರೆದದ್ದನ್ನೂ ತಾರೀಖಿನ ಕ್ರಮದಲ್ಲಿ ಅಕ್ಕಪಕ್ಕ ಇಟ್ಟು ಓದಿಸುತ್ತೇನೆ. ಯಾವ ದಿನದ ಚರ್ಚೆ ನಡೆದಿದೆಯೋ ಆ ದಿನದಿಂದ ಮುಂದಕ್ಕೆ ಏನಾಯಿತೆಂಬುದನ್ನು ಯಾರೂ ವಾದಕ್ಕೆ ಎಳೆದು ತರಕೂಡದು ಎಂಬುದೊಂದೇ ನಿಯಮ.

ಗೋಡೆಗೆ ಅಂಟಿಸಿದ ಹಾಳೆಯ ಎಡಭಾಗದಲ್ಲಿ ಮೊದಲು ಬರುವುದು 1870ರ ಸೆಪ್ಟೆಂಬರ್: 2ರಂದು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪ್ರಷ್ಯದೊಂದಿಗಿನ ಯುದ್ಧದಲ್ಲಿ ಸೆಡಾನ್‌ನಲ್ಲಿ ಸೆರೆಯಾದದ್ದು, 4ರಂದು ಪ್ಯಾರಿಸ್ಸಿನಲ್ಲಿ ಗಣರಾಜ್ಯ ಘೋಷಣೆಯಾದದ್ದು. ಬಲಭಾಗದಲ್ಲಿ ಅದೇ ತಿಂಗಳ 9ರಂದು ಇಂಟರ್‌ನ್ಯಾಷನಲ್ (ಅಂತರರಾಷ್ಟ್ರೀಯ ಕಾರ್ಮಿಕ ಸಂಘ) ಪರವಾಗಿ ಮಾರ್ಕ್ಸ್ ಬರೆದ ಹೇಳಿಕೆ. ಶತ್ರು ನಗರದ ಬಾಗಿಲಿಗೆ ಬಂದಿರುವಾಗ ಹೊಸ ಸರ್ಕಾರವನ್ನು ಉರುಳಿಸಲು ಹೊರಡುವುದು ಹತಾಶ ಮೂರ್ಖತನವಾದೀತೆಂದು ಅವರು ಅಲ್ಲಿ ಕಾರ್ಮಿಕರನ್ನು ಎಚ್ಚರಿಸುತ್ತಾರೆ. ಅದರ ಕೆಳಗೆ 1871ರ ಏಪ್ರಿಲ್ 12ರಂದು ಮಾರ್ಕ್ಸ್ ತಮ್ಮ ಗೆಳೆಯ ಕುಗೆಲ್‌ಮನ್‌ಗೆ ಬರೆದ ಪತ್ರ ಬರುತ್ತದೆ. ಬೇಡವೆಂದಿದ್ದವರೇ ಇಲ್ಲಿ ಪ್ಯಾರಿಸ್ಸಿನ ಕಾರ್ಮಿಕರ ಎದೆಗಾರಿಕೆಯನ್ನು ಮನಸಾರೆ ಕೊಂಡಾಡುತ್ತಾರೆ. ‘ಕಾಮ್ರೇಡ್, ಇದು ಮಾತು ಬದಲಿಸಿದಂತಾಯಿತಲ್ಲವೇ?’ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ನಾನು ಅದಕ್ಕೆ ನೇರವಾಗಿ ಉತ್ತರಿಸದೆ ನಡುವಿನ ತಿಂಗಳುಗಳನ್ನು ತುಂಬಲು ಹೇಳುತ್ತೇನೆ: ಚಳಿಗಾಲದ ಮುತ್ತಿಗೆ, ಹಸಿವು, ಜನವರಿ 28ರ ಕದನವಿರಾಮ, ಕೊನೆಗೆ ಮೊಂಮಾರ್ತ್ರ್ ಗುಡ್ಡದ ಮೇಲಿದ್ದ ರಾಷ್ಟ್ರೀಯ ರಕ್ಷಕ ದಳದ (ನಗರದ ನಾಗರಿಕ ಪಡೆ) ಫಿರಂಗಿಗಳನ್ನು ಕಿತ್ತುಕೊಳ್ಳಲು ಸರ್ಕಾರದ ಮುಖ್ಯಸ್ಥ ತಿಯೆರ್ ಮಾರ್ಚ್ 18ರ ನಸುಕಿನಲ್ಲಿ ಸೈನ್ಯ ಕಳಿಸಿದ್ದು. ಆ ದಿನವನ್ನು ಆರಿಸಿದವರು ಕಾರ್ಮಿಕರಲ್ಲ ಎಂಬುದು ಹಾಳೆ ತುಂಬುವಷ್ಟರಲ್ಲಿ ಅವರಿಗೇ ಕಾಣುತ್ತದೆ.

ಅದೇ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ತಿಯೆರ್ ಸರ್ಕಾರ ಪ್ಯಾರಿಸ್ ಬಿಟ್ಟು ಹತ್ತಿರದ ವರ್ಸೈಲ್ಸ್‌ಗೆ ಓಡಿಹೋದ ಕೂಡಲೇ ಕಾರ್ಮಿಕರು ವರ್ಸೈಲ್ಸ್ ಮೇಲೆ ನುಗ್ಗಲಿಲ್ಲ. ರಕ್ಷಕ ದಳದ ಕೇಂದ್ರ ಸಮಿತಿ ಅಧಿಕಾರವನ್ನು ಚುನಾಯಿತ ಕಮ್ಯೂನಿಗೆ ಬೇಗನೆ ಬಿಟ್ಟುಕೊಟ್ಟಿತು. ಮೊದಲನೆಯದನ್ನು ಒಪ್ಪದವರು ನಮ್ಮಲ್ಲಿ ಕಡಿಮೆ, ಎರಡನೆಯದರ ಬಗ್ಗೆ ಮಾತ್ರ ವಾದ ಮುಗಿಯುವುದೇ ಇಲ್ಲ. ಮಾರ್ಚ್ 26ಕ್ಕೆ ಚುನಾವಣೆ ನಡೆಸಿದ್ದು ಪ್ರಜಾಸತ್ತೆಯ ಮೇಲಿನ ನಿಷ್ಠೆಯೇ ಅಥವಾ ಅಮೂಲ್ಯ ಸಮಯದ ನಷ್ಟವೇ? ಏಪ್ರಿಲ್ 3ರಂದು ಕಮ್ಯೂನ್ ಪಡೆ ವರ್ಸೈಲ್ಸ್ ಕಡೆಗೆ ಹೊರಟು ಸೋಲುಂಡಿತು. ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್ ಬಿಡುಗಡೆ ಮಾಡಿದ ಫ್ರೆಂಚ್ ಯುದ್ಧಕೈದಿಗಳೂ ಸೇರಿ ಮೇ ಹೊತ್ತಿಗೆ ವರ್ಸೈಲ್ಸ್ ಸೈನ್ಯ ಲಕ್ಷ ದಾಟಿತ್ತು. ಚುನಾವಣೆ ನಿಷ್ಠೆಯೂ ಹೌದು, ಸಮಯದ ನಷ್ಟವೂ ಹೌದು ಎಂಬುದು ನನ್ನ ಅಭಿಪ್ರಾಯ. ಜನರ ಮತವಿಲ್ಲದೆ ಆಳಲು ಮನಸ್ಸೊಪ್ಪದವರನ್ನು ನಾನು ಕೀಳಾಗಿ ಕಾಣಲಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಬ್ಯಾಂಕ್ ಆಫ್ ಫ್ರಾನ್ಸ್‌ನ ಪ್ರಶ್ನೆ. ರಕ್ಷಕ ದಳದವರ ಸಂಸಾರಗಳು ದಿನಕ್ಕೆ ಒಂದೂವರೆ ಫ್ರಾಂಕ್ ಭತ್ಯೆಯಲ್ಲಿ ಬದುಕುತ್ತಿದ್ದವು, ಆ ಭತ್ಯೆ ಕೊಡಲು ಹಣ ಬೇಕಿತ್ತು. ಬ್ಯಾಂಕನ್ನು ವಶಪಡಿಸಿಕೊಳ್ಳುವ ಬದಲು ಕಮ್ಯೂನ್ ಅಲ್ಲಿಂದ ಕಂತುಕಂತಾಗಿ ಸಾಲ ಕೇಳಿತು. ಬ್ಯಾಂಕಿಗೆ ಪ್ರತಿನಿಧಿಯಾಗಿ ಹೋದ ಶಾರ್ಲ್ ಬೆಲೇ (Beslay) ಎಂಬವರು, ಬ್ಯಾಂಕಿಗೆ ಧಕ್ಕೆ ತಂದರೆ ನೋಟಿನ ಬೆಲೆಯೇ ಬಿದ್ದುಹೋದೀತೆಂದು ಪ್ರಾಮಾಣಿಕವಾಗಿ ನಂಬಿದ್ದರು. ಕಮ್ಯೂನಿಗೆ ಸಿಕ್ಕಿದ ಒಟ್ಟು ಹಣ 2 ಕೋಟಿ ಫ್ರಾಂಕನ್ನೂ ಮುಟ್ಟಲಿಲ್ಲ. ಅದೇ ಬ್ಯಾಂಕು ಅದೇ ವಾರಗಳಲ್ಲಿ ವರ್ಸೈಲ್ಸ್‌ಗೆ ಕೊಟ್ಟದ್ದು 25 ಕೋಟಿಗೂ ಮಿಗಿಲು. ಈ ಎರಡು ಅಂಕಿಗಳನ್ನು ಹಾಳೆಯ ಮೇಲೆ ಬರೆದಾಗ, ಸಂಘದ ಲೆಕ್ಕಪತ್ರ ನೋಡಿಕೊಳ್ಳುವವರಿಗೆ ಪ್ರಭುತ್ವವೆಂದರೆ ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿ ಬರುವುದಿಲ್ಲ. ಆ ಬ್ಯಾಂಕು ಕಮ್ಯೂನಿನ ಕೈಯಲ್ಲಿದ್ದಿದ್ದರೆ ಹತ್ತು ಸಾವಿರ ಒತ್ತೆಯಾಳುಗಳಿಗಿಂತ ಹೆಚ್ಚಿನ ಬಲವಾಗುತ್ತಿತ್ತೆಂದು ಏಂಗೆಲ್ಸ್ 1891ರಲ್ಲಿ ಬರೆದ ಮಾತನ್ನು ಅನಂತರವೇ ಓದುತ್ತೇವೆ.

ಒಮ್ಮೆ ವೃತ್ತಕ್ಕೆ ಬೇಕರಿ ಕೆಲಸಗಾರರೊಬ್ಬರು ಬರುತ್ತಿದ್ದರು. ಬೇಕರಿಗಳಲ್ಲಿ ರಾತ್ರಿಪಾಳಿಯನ್ನು ನಿಷೇಧಿಸಿದ ಏಪ್ರಿಲ್ 20ರ ಆಜ್ಞೆಯನ್ನು ಓದಿದಾಗ, ನಡುರಾತ್ರಿ ಹಿಟ್ಟು ನಾದಿ, ಅದು ಉಬ್ಬುವವರೆಗೆ ಮೂಟೆಗಳ ಮೇಲೆ ಒರಗಿ, ಬೆಳಗಿನ ಜಾವ ಒಲೆಯ ಬಾಯಲ್ಲಿ ನಿಲ್ಲುವುದು ಹೇಗಿರುತ್ತದೆಂದು ಅವರು ವಿವರಿಸಿದರು. ಬಳಿಕ, ‘ಬೆಳಿಗ್ಗೆ ಬಿಸಿ ಬ್ರೆಡ್ ಸಿಗದಿದ್ದರೆ ಗಿರಾಕಿ ಸುಮ್ಮನಿರುತ್ತಾನಾ, ಮಾಲೀಕ ಒಪ್ಪುತ್ತಾನಾ?’ ಎಂದು ಕೇಳಿದರು. ಏಪ್ರಿಲ್ 28ರ ಕಮ್ಯೂನ್ ಸಭೆಯಲ್ಲಿ ಚರ್ಚೆಯಾದದ್ದೂ ಇದೇ: ಮಾಲೀಕರಿಗೂ ಕೆಲಸಗಾರರಿಗೂ ನಡುವೆ ಕಮ್ಯೂನ್ ತಲೆಹಾಕಬೇಕೇ ಎಂದು ಕೆಲವು ಸದಸ್ಯರೇ ಅನುಮಾನಿಸಿದರು, ಹಂಗೇರಿ ಮೂಲದ ಲಿಯೋ ಫ್ರಾಂಕೆಲ್ ಮಾತ್ರ ಕಮ್ಯೂನ್ ಹೊರಡಿಸಿದ ಆಜ್ಞೆಗಳಲ್ಲಿ ನಿಜವಾಗಿ ಸಮಾಜವಾದಿಯಾದದ್ದು ಇದೊಂದೇ ಎಂದು ಸಮರ್ಥಿಸಿದರು. ಆಜ್ಞೆಗಾಗಿ ಒತ್ತಾಯಿಸಿದ್ದವರು ಬೇಕರಿ ಕೆಲಸಗಾರರೇ ಎಂದು ತಿಳಿದಾಗ ನಮ್ಮ ವೃತ್ತದ ಆ ಸಂಗಾತಿ ಆ ಸಾಲನ್ನು ಮತ್ತೊಮ್ಮೆ ಓದಿಸಿದರು.

ಮೇ 28ಕ್ಕೆ ಎಲ್ಲವೂ ಮುಗಿಯುತ್ತದೆ. ವರ್ಸೈಲ್ಸ್ ಸೈನ್ಯ ನಗರಕ್ಕೆ ನುಗ್ಗಿದ ಕೊನೆಯ ‘ರಕ್ತಸಿಕ್ತ ವಾರ’ದ ಹತ್ಯೆಗಳನ್ನು, ಪೇರ್ ಲಾಶೇಸ್ ಸ್ಮಶಾನದ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದವರನ್ನು ನಾನು ಹೆಚ್ಚು ವರ್ಣಿಸುವುದಿಲ್ಲ, ಏಕೆಂದರೆ ಹುತಾತ್ಮರ ಮುಂದೆ ತಲೆಬಾಗಿದವರು ಅವರ ನಿರ್ಧಾರಗಳನ್ನು ವಿಮರ್ಶಿಸಲು ಹಿಂಜರಿಯುತ್ತಾರೆ. ಬದಲಿಗೆ ಕಮ್ಯುನಿಸ್ಟ್ ಪ್ರಣಾಳಿಕೆಗೆ 1872ರಲ್ಲಿ ಬರೆದ ಮುನ್ನುಡಿಗೆ ಹೋಗುತ್ತೇವೆ. ಸಿದ್ಧವಾಗಿರುವ ಪ್ರಭುತ್ವ ಯಂತ್ರವನ್ನು ಕಾರ್ಮಿಕ ವರ್ಗ ಸುಮ್ಮನೆ ಕೈವಶ ಮಾಡಿಕೊಂಡು ತನ್ನ ಉದ್ದೇಶಕ್ಕೆ ನಡೆಸಲಾರದು ಎಂಬುದನ್ನು ಕಮ್ಯೂನ್ ತೋರಿಸಿಕೊಟ್ಟಿತೆಂದೂ, ಪ್ರಣಾಳಿಕೆಯ ಕೆಲವು ಭಾಗಗಳು ಹಳತಾಗಿವೆಯೆಂದೂ ಮಾರ್ಕ್ಸ್ ಮತ್ತು ಏಂಗೆಲ್ಸ್ ಅಲ್ಲಿ ಹೇಳುತ್ತಾರೆ. ತಮ್ಮದೇ ಗ್ರಂಥವನ್ನು ಪ್ಯಾರಿಸ್ಸಿನ ಕೂಲಿಕಾರರು ತಿದ್ದಿದರೆಂದು ಒಪ್ಪುವ ಆ ಪುಟವೇ ನನ್ನನ್ನು ಈ ಸಿದ್ಧಾಂತದ ಬಳಿ ಉಳಿಸಿಕೊಂಡಿದೆ.

ಹಾಳೆಯ ಕೊನೆಯ ಭಾಗ ರಷ್ಯದ್ದು. 1917ರ ಕ್ರಾಂತಿಯಲ್ಲಿ ಲೆನಿನ್ ಅವರ ಪಕ್ಷವಾದ ಬೋಲ್ಷೆವಿಕರು ಸ್ಟೇಟ್ ಬ್ಯಾಂಕನ್ನು ಮೊದಲ ದಿನವೇ ಹಿಡಿದರು; ಆದರೆ ಅದರ ನೌಕರರು ಮುಷ್ಕರ ಹೂಡಿ ಹಣ ಕೊಡಲು ನಿರಾಕರಿಸಿದರು, ಅಂದರೆ ಕಟ್ಟಡ ಕೈಗೆ ಬಂದರೂ ಲೆಕ್ಕದ ಪುಸ್ತಕ ಬರಲಿಲ್ಲ. ಕಮ್ಯೂನ್ ತನ್ನ ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6,000 ಫ್ರಾಂಕಿನ ಮಿತಿ ಹಾಕಿತ್ತು. ರಷ್ಯದ ಹೊಸ ಸರ್ಕಾರ ಪರಿಣತರಿಗೆ ಹೆಚ್ಚಿನ ಸಂಬಳ ಕೊಡಬೇಕಾಗಿ ಬಂದಾಗ ಇದು ಕಮ್ಯೂನಿನ ತತ್ವದಿಂದ ಹಿಂದೆ ಸರಿದಂತೆಯೇ ಎಂದು ಲೆನಿನ್ 1918ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಬರೆದರು. ಹಿಂದೆ ಸರಿದದ್ದನ್ನು ಮುಚ್ಚಿಡದೆ ಹೆಸರಿಟ್ಟು ಹೇಳಿದ್ದು ಸರಿಯೆಂದು ಹಿರಿಯ ಸಂಗಾತಿಗಳು ವಾದಿಸಿದರೆ, ಹೇಳಿದ ಮೇಲೆ ಅದನ್ನು ಯಾವಾಗ ಮರಳಿ ಸರಿಪಡಿಸಿದರೆಂದು ಎಳೆಯರು ಕೇಳುತ್ತಾರೆ. ನಮ್ಮ ಈಗಿನ ತಂಡ ಈ ಪ್ರಶ್ನೆಯಲ್ಲಿ ನಿಂತಿದೆ, ಮುಂದಿನ ಕೂಟಕ್ಕೆ 1921ರವರೆಗಿನ ತಾರೀಖುಗಳನ್ನು ಎಳೆಯರೇ ಬರೆದು ತರಲಿದ್ದಾರೆ.