ಅಡುಗೆಮನೆಯಿಂದ ಶೆಡ್ಡಿಗೆ ಹೋದದ್ದು ವಾಪಸ್ ಬರಬಾರದು

ನಮ್ಮ ಮನೆಯಲ್ಲಿ ಎರಡು ಹುಚ್ಚು. ಯಜಮಾನರಿಗೆ ಕೋವಿಯದ್ದು, ನನಗೆ ಒಲೆಯದ್ದು. ಎಷ್ಟೋ ವರ್ಷ ಆದ ಮೇಲೆ ನಾನೂ ಗುರಿ ಇಡುವುದನ್ನು ಕಲಿತೆ, ಅವರೂ ಕಣ್ಣೀರು ಹಾಕುತ್ತಾ ಈರುಳ್ಳಿ ಹೆಚ್ಚುವುದನ್ನು ಕಲಿತರು. ಈಗ ಮಗನೂ ಏರ್ ರೈಫಲ್ ಹಿಡಿದಿದ್ದಾನೆ. ಸೊಸೆ ಮೊನ್ನೆ, "ಅತ್ತೆ, ಇದೆಲ್ಲ ಒಂದೇ ಮನೆಯಲ್ಲಿ ಹೇಗೆ ಸಂಭಾಳಿಸಿದಿರಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋವಿ ಖಾಲಿ ಮಾಡಿ ಬೀಗ ಹಾಕಿ ಇಡಬೇಕು, ತೋಟಾ ಬೇರೆ ಕಡೆ ಬೀಗದಲ್ಲಿ ಇರಬೇಕು, ಬೀಗದಕೈ ಚಮಚದ ಡ್ರಾಯರ್‌ನಲ್ಲಿ ಇರಬಾರದು. ಇದನ್ನು ನಾನು ಬಿಡಿಸಿ ಹೇಳುವುದಿಲ್ಲ, ಇಷ್ಟೂ ಮಾಡದವರು ಮೊದಲು ಎದ್ದು ಹೋಗಿ ಅದನ್ನು ಮಾಡಿ ಬನ್ನಿ.

ಮೊದಲು ಜರಡಿಯ ಕಥೆ. ಯಜಮಾನರು ಖಾಲಿ ತೋಟಾಗಳ ಹಿತ್ತಾಳೆ ಕೇಸು ತಂದು, ತೊಳೆದು, ಮತ್ತೆ ಮದ್ದು ತುಂಬುವವರು. ಒಂದು ದಿನ ನನ್ನ ಸ್ಟೀಲ್ ಜರಡಿ ಕಾಣಲಿಲ್ಲ. ಹುಡುಕಿದರೆ ಶೆಡ್ಡಿನಲ್ಲಿ, ಕಪ್ಪು ನೀರು ಸೋರಿಸಿಕೊಂಡು ಕೂತಿತ್ತು. "ತೊಳೆದು ಕೊಡ್ತೀನಿ ಬಿಡೇ" ಅಂದರು. ನಾನು ಅದಕ್ಕೆ ಕೆಂಪು ಬಣ್ಣ ಬಳಿದು, ಇನ್ನು ಇದು ನಿಮ್ಮದೇ ಅಂತ ಕೊಟ್ಟುಬಿಟ್ಟೆ. ಅವತ್ತಿನಿಂದ ನಮ್ಮ ಮನೆಯ ಕಾನೂನು ಅದು. ಅಡುಗೆಮನೆಯಿಂದ ಶೆಡ್ಡಿಗೆ ಏನು ಬೇಕಾದರೂ ಹೋಗಲಿ, ಹಳೇ ಚಮಚ, ಬೋಗುಣಿ, ಬಟ್ಟೆ, ಆದರೆ ಹೋದದ್ದಕ್ಕೆ ಕೆಂಪು ಗುರುತು, ಅದು ಮತ್ತೆ ಈಚೆ ಬರುವ ಹಾಗಿಲ್ಲ.

ಇದು ಮಡಿ ಮೈಲಿಗೆ ವಿಷಯ ಅಲ್ಲ, ಸೀಸದ ವಿಷಯ. ಗುಂಡಿನಲ್ಲಿ ಸೀಸ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲೂ ಬಹಳಷ್ಟು ಸಲ ಸೀಸವೇ ಇರುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ರತಿ ಈಡಿಗೂ ಅದು ಹೊಗೆಯಾಗಿ, ಸಣ್ಣ ಪುಡಿಯಾಗಿ ಕೈಗೆ, ಕೂದಲಿಗೆ, ಅಂಗಿ ತೋಳಿಗೆ, ಬೂಟಿನ ತಳಕ್ಕೆ ಅಂಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ರಕ್ತಕ್ಕೆ ಸೇರಿದ್ದು ಒಂದೆರಡು ತಿಂಗಳಲ್ಲಿ ಸುಮಾರು ಇಳಿಯುತ್ತದೆ, ಮೂಳೆಗೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ. ಮಕ್ಕಳಿಗಂತೂ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳ ರಕ್ತದಲ್ಲಿನ ಸೀಸಕ್ಕೆ ಇಟ್ಟಿದ್ದ ಎಚ್ಚರಿಕೆಯ ಗೆರೆಯನ್ನು 2021ರಲ್ಲಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು. ಅದರ ಮೊದಲು, 2012ರ ತನಕ, ಅದೇ ಗೆರೆ 10ರಲ್ಲಿತ್ತು. ತೆವಳುವ ಮಗು ಇರುವ ಮನೆಯಲ್ಲಿ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಜಾಗಕ್ಕೆ, ಹೋದ ಬೂಟು ಹೊಸ್ತಿಲು ದಾಟಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾಗಿ ಶೂಟಿಂಗ್ ಮುಗಿಸಿ ಬಂದವರು ಬೂಟು ಹೊರಗೆ ಬಿಡಿ, ಬಟ್ಟೆ ನೇರ ಬೇರೆ ಬಕೆಟ್ಟಿಗೆ ಹಾಕಿ, ಮಗುವಿನ ಬಟ್ಟೆಯ ಜೊತೆ ಸೇರಿಸಬೇಡಿ. ಮುಖ, ಕೈ ಸೋಪು ಹಚ್ಚಿ ಮೊಣಕೈ ತನಕ ತೊಳೆಯಿರಿ, ತಲೆಗೂ ಸ್ನಾನ ಮಾಡಿದರೆ ಒಳ್ಳೆಯದು. ಕೈಗೆ ಹಚ್ಚುವ ಸ್ಯಾನಿಟೈಸರ್ ಕೀಟಾಣು ಕೊಲ್ಲುತ್ತದೆ, ಸೀಸವನ್ನು ಅದೇನೂ ಮಾಡುವುದಿಲ್ಲ. ಶೆಡ್ಡಿನ ನೆಲ ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಎದ್ದು ಮೂಗಿಗೇ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ವಾರ ವಾರ ಹೋಗುವವರು ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಳ್ಳಿ. ಒಳಾಂಗಣ ರೇಂಜಾದರೆ ಅದನ್ನು ಮರೆಯಲೇಬೇಡಿ.

ರೇಂಜಿಗೆ ಊಟ ಕಟ್ಟಿಕೊಂಡು ಹೋಗುವುದು ಖುಷಿಯ ಕೆಲಸ, ಬೇಡ ಅನ್ನಲ್ಲ. ಡಬ್ಬಿ ಮುಚ್ಚಿಯೇ ಇರಲಿ, ಈಡು ಹಾರಿಸುವ ಜಾಗಕ್ಕೆ ಒಯ್ಯಬೇಡಿ, ಕೈ ತೊಳೆದ ಮೇಲೆಯೇ ಬಿಚ್ಚಿ. ಕೈಯಲ್ಲಿ ಹಿಡಿದು ತಿನ್ನುವುದಕ್ಕಿಂತ ಚಮಚದಲ್ಲಿ ತಿನ್ನುವಂಥದ್ದು ಮಾಡಿ ಕಳಿಸಿ. ಹೊಟ್ಟೆ ಖಾಲಿ ಇದ್ದರೂ ಕೈ ನಡುಗುತ್ತದೆ, ಕಾಫಿ ಜಾಸ್ತಿಯಾದರೂ ನಡುಗುತ್ತದೆ. ಹತ್ತು ಮೀಟರ್ ಏರ್ ರೈಫಲ್‌ನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಅದಕ್ಕೆ ಹಾರುವ ಗುಂಡು 4.5 ಮಿಲಿಮೀಟರ್. ಆಟಕ್ಕೆ ಎರಡು ಗಂಟೆ ಮೊದಲು ಹಗುರವಾಗಿ ತಿಂದಿರಬೇಕು ಅಂತ ನಾನು ಮಗನಿಗೆ ಹೇಳುತ್ತಲೇ ಇರುತ್ತೇನೆ, ಅವನು ಬಾಗಿಲಲ್ಲಿ ನಿಂತು ನುಂಗಿಕೊಂಡು ಓಡುತ್ತಾನೆ. ಅಂದಹಾಗೆ, ಆ ಚಿಕ್ಕ ಗುಂಡುಗಳೂ ಹೆಚ್ಚಾಗಿ ಸೀಸದವೇ. ಏರ್ ರೈಫಲ್ ಅಲ್ವಾ, ಮದ್ದಿಲ್ಲ ಅಲ್ವಾ ಅಂತ ಅವನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ತುಂಬುವವರನ್ನು ಕಂಡಿದ್ದೇನೆ, ಬೈದೂ ಇದ್ದೇನೆ.

ಕಾನೂನು ಬಿಡುವ ಕಡೆ ಬೇಟೆಯ ಮಾಂಸ ಅಡುಗೆ ಮಾಡುವವರಿಗೆ ಒಂದು ಮಾತು. ಸೀಸದ ಗುಂಡು ಒಳಗೆ ಹೋಗಿ ಒಡೆದು ಚೂರಾಗುತ್ತದೆ, ಚೂರುಗಳು ಗಾಯದಿಂದ ಸಾಕಷ್ಟು ದೂರ ಹರಡಿರುತ್ತವೆ. ಗಾಯದ ಸುತ್ತ ಧಾರಾಳವಾಗಿ ಕೊಯ್ದು ಎಸೆಯಿರಿ, ಜಿಪುಣತನ ಬೇಡ. ಹುಳಿಯಲ್ಲಿ, ವಿನೆಗರ್‌ನಲ್ಲಿ ನೆನೆಹಾಕಿದರೆ ಉಳಿದ ಸೀಸ ಇನ್ನಷ್ಟು ಕರಗಿ ಮಾಂಸಕ್ಕೆ ಇಳಿಯುತ್ತದೆ. ಬಸುರಿಯರಿಗೆ, ಮಕ್ಕಳಿಗೆ ಅದು ಬೇಡವೇ ಬೇಡ.

ಇನ್ನು ಕಬ್ಬಿಣದ ವಿಷಯ. ನನಗೆ ತುಂಬಾ ಇಷ್ಟವಾದ ಮಾತು ಇದು, ಸ್ವಲ್ಪ ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಬೀಡಿನ ಬಾಣಲೆಗೂ ಅವರ ನಳಿಗೆಗೂ ಶತ್ರು ಒಂದೇ, ತೇವ. ಇಬ್ಬರೂ ತೊಳೆದ ಮೇಲೆ ಪೂರ್ತಿ ಒಣಗಿಸುತ್ತೇವೆ, ಇಬ್ಬರೂ ಎಣ್ಣೆ ಸವರುತ್ತೇವೆ, ಇಬ್ಬರೂ ಜಾಸ್ತಿ ಸವರಿ ಕೆಡಿಸಿದ್ದೇವೆ. ಬಾಣಲೆ ಪಳಗಿಸುವಾಗ ಎಣ್ಣೆ ಸವರಿ, ಆಮೇಲೆ ಸವರಿದ್ದೇ ತಪ್ಪು ಅನ್ನುವ ಹಾಗೆ ಒರೆಸಿ ತೆಗೆದು, ಓವನ್‌ನಲ್ಲಿ ಬೋರಲು ಹಾಕಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟರೆ ಆ ತೆಳು ಎಣ್ಣೆ ಗಟ್ಟಿ ಪದರವಾಗಿ ಕೂರುತ್ತದೆ. ಎಣ್ಣೆ ಜಾಸ್ತಿಯಾದರೆ ಅಂಟಂಟು. ಪಾತ್ರೆ ತೊಳೆಯುವ ಈಗಿನ ಸೋಪು ಹಾಕಿದರೆ ಏನೂ ಆಗುವುದಿಲ್ಲ, ನೀರಲ್ಲಿ ನೆನೆಸಿ ಇಟ್ಟರೆ ಮಾತ್ರ ಬೆಳಿಗ್ಗೆ ಕೆಂಪು ತುಕ್ಕು. ಆದರೆ ಕೋವಿಯ ಎಣ್ಣೆ ಗಟ್ಟಿಯಾಗಬಾರದು, ಅದು ಜಾರುತ್ತಲೇ ಇರಬೇಕು. ಮಗ ಒಮ್ಮೆ ಎಣ್ಣೆ ಎಣ್ಣೆಯೇ ಅಲ್ವಾ ಅಂತ ನನ್ನ ಅಡುಗೆ ಎಣ್ಣೆಯನ್ನೇ ರೈಫಲ್ಲಿನ ಬೋಲ್ಟಿಗೆ, ಅಂದರೆ ತೋಟಾ ಒಳಗೆ ತಳ್ಳುವ ಭಾಗಕ್ಕೆ, ಬಿಟ್ಟಿದ್ದ. ಎರಡು ತಿಂಗಳಲ್ಲಿ ಅದು ಗೋಂದಿನ ಹಾಗಾಗಿ, ಬೋಲ್ಟ್ ಎಳೆದರೆ ಬರಲೊಲ್ಲದು. ಅವರದ್ದು ಅವರಿಗೆ, ನಮ್ಮದು ನಮಗೆ.

ಹಳೇ ಮಿಲಿಟರಿ ತೋಟಾ ಹಾರಿಸುವವರು ಇದನ್ನೂ ಕೇಳಿ. ಅವುಗಳಲ್ಲಿ ಕೆಲವುದರ ಪ್ರೈಮರ್ ಉರಿದ ಮೇಲೆ ನಳಿಗೆಯೊಳಗೆ ಒಂದು ಥರದ ಉಪ್ಪು ಬಿಡುತ್ತದೆ, ಪೊಟಾಸಿಯಂ ಕ್ಲೋರೈಡ್. ಉಪ್ಪು ಎಲ್ಲಿದ್ದರೂ ಉಪ್ಪೇ, ಗಾಳಿಯ ತೇವ ಎಳೆದುಕೊಂಡು ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗಲ್ಲ, ಬಿಸಿನೀರಿಗೆ ಕರಗುತ್ತದೆ. ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ನೀರು ಕಾಯಿಸಿ ಕೊಡಲು ನಾನು ತಯಾರು, ಆದರೆ ಶೆಡ್ಡಿಗೆ ಹೋಗುವುದು ಕೆಂಪು ಗುರುತಿನ ಜಗ್, ನನ್ನ ಕೆಟಲ್ ಅಲ್ಲ. ಕೋವಿ ಒರೆಸುವ ಸಾಲ್ವೆಂಟ್ ಬಾಟಲಿ ಒಲೆಯ ಹತ್ತಿರ ಬಿಚ್ಚುವುದೂ ಬೇಡ. ಸುಮಾರು ಸಾಲ್ವೆಂಟ್‌ಗಳು ಬೇಗ ಬೆಂಕಿ ಹಿಡಿಯುತ್ತವೆ, ಊಟದ ಮೇಜು ಖಾಲಿ ಇದೆ ಅಂತ ಅಲ್ಲಿ ಹರಡಿಕೊಂಡು ಕೂರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನನ್ನದೇ ತಪ್ಪು ಒಂದು ಹೇಳುತ್ತೇನೆ. ಹಳೇ ರೈಫಲ್ಲಿನ ಮರದ ಹಿಡಿಗೆ ಕಾಯಿಸಿದ ಅಗಸೆ ಎಣ್ಣೆ ಉಜ್ಜುವುದು ನನಗೆ ಇಷ್ಟ, ಕೈಯಲ್ಲೇ ತಿಕ್ಕಿ ತಿಕ್ಕಿ ಮರ ಹೊಳೆಯುವಾಗ ಹಿಟ್ಟು ನಾದಿದಷ್ಟೇ ಸಮಾಧಾನ. ಒಂದು ಸಂಜೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದೆ. ಊಟ ಮಾಡುವಾಗ ಸುಟ್ಟ ವಾಸನೆ. ಒಲೆ ಆರಿಸಿ ನೋಡಿದೆ, ಒಲೆಯದ್ದಲ್ಲ. ಬುಟ್ಟಿ ಹೊಗೆಯಾಡುತ್ತಿತ್ತು. ಆ ಎಣ್ಣೆ ಗಾಳಿಗೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಕಡ್ಡಿ ಗೀರದೆಯೇ ಬೆಂಕಿ ಹುಟ್ಟುತ್ತದೆ. ಅಂಥ ಬಟ್ಟೆಯನ್ನು ಹೊರಗೆ ಒಂದೇ ಪದರಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ. ಕಾಯಿಸಿದ ಎಣ್ಣೆ ಅಂತ ಹೆಸರಿದ್ದರೂ ಅಂಗಡಿಯದ್ದಕ್ಕೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ತಿನ್ನುವ ಅಗಸೆ ಎಣ್ಣೆಯ ಪಕ್ಕ ಇಡಲೇಬೇಡಿ.

ಕೊನೆಗೆ ಟೈಮರ್. ಮನೆಯಲ್ಲಿ ಖಾಲಿ ಕೋವಿಯಲ್ಲಿ ಅಭ್ಯಾಸ ಮಾಡುವವರು ಅದನ್ನು ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ತೋಟಾ ಆ ಕೋಣೆಯಲ್ಲೇ ಇರಬಾರದು, ತೋಟಾ ಕೂರುವ ಚೇಂಬರ್ ಖಾಲಿಯೇ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡು ತಡೆಯುವಂಥ ಗೋಡೆಯ ಕಡೆಗೇ ಗುರಿ. ಟೈಮರ್ ಕೂಗಿದರೆ ಮುಗಿಯಿತು. ಎಲ್ಲ ಎತ್ತಿಟ್ಟ ಮೇಲೆ ಇನ್ನೊಂದೇ ಒಂದು ಸಲ ಅಂತ ಮತ್ತೆ ಕೈಗೆ ತೆಗೆದುಕೊಳ್ಳುವಾಗಲೇ ಅನಾಹುತ ಆಗುವುದು. ನಮ್ಮ ಯಜಮಾನರಿಗೆ ಮಾತ್ರ ಆ ಟೈಮರ್ ಕೇಳಿಸುವುದಿಲ್ಲ. ವಯಸ್ಸಿದ್ದಾಗ ಕಿವಿಗೆ ಏನೂ ಹಾಕದೆ ಹಾರಿಸಿದವರು. ಒಂದು ಈಡಿನ ಸದ್ದು 140 ಡೆಸಿಬಲ್ ದಾಟುತ್ತದೆ, ಮೊದಲು ಹೋಗುವುದು ಕೀರಲು ಸದ್ದನ್ನು ಕೇಳುವ ಶಕ್ತಿಯೇ. ಮಗ ಈಗ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಕಿವಿ ಮುಚ್ಚುವ ಮಫ್ ಎರಡೂ ಹಾಕುತ್ತಾನೆ. ಇವರಿಗೆ ಹತ್ತು ನಿಮಿಷ ಆಯಿತು ಅಂತ ನಾನೇ ಹೋಗಿ ಹೇಳಬೇಕು. ಕೋವಿ ಹಿಡಿದವರ ಭುಜ ಮುಟ್ಟಬಾರದು, ಹಿಂದಿನಿಂದ ಕೂಗಲೂಬಾರದು. ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತೇನೆ, ಅವರು ಕೋವಿ ಮೇಜಿನ ಮೇಲಿಟ್ಟು ತಿರುಗಿ ನೋಡುವ ತನಕ.